ಶಾಲು ಹೊದಿಸಿದ ನಳಿಕೆ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಮಾತಾಡಿಸಲು ಬರುವವರಿಗೇನೂ ಬರವಿಲ್ಲ. ಕುಪ್ಪೇಲೂರಿನ ಅಬ್ದುಲರಜಾಕನ ಮನೆಯೂ ಹಾಗೆಯೇ ಇತ್ತು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಅವನು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಿದ್ದ. ಮಾತಿಲ್ಲ, ಏಳುವಂತಿಲ್ಲ; ತಾಯಿ ಕರೆದರೆ ಮಾತ್ರ ಕಣ್ಣು ಹೊರಳಿಸುತ್ತಿದ್ದ. ಉಸಿರಾಡಲು ಅವನ ಕುತ್ತಿಗೆಗೆ ರಂಧ್ರ ಮಾಡಿ ನಳಿಕೆ ಕೂಡಿಸಿದ್ದರು. ಅದರಲ್ಲಿ ಕಫ ಕಟ್ಟಿದಾಗ ಸಣ್ಣ ಪೈಪ್ ಇಳಿಸಿ ಯಂತ್ರದಿಂದ ಎಳೆದು ತೆಗೆಯಬೇಕು. ಹೆಂಡತಿ ಸುಮಯ್ಯಾ ಆಸ್ಪತ್ರೆಯಲ್ಲೇ ಅದನ್ನು ಕಲಿತಿದ್ದಳು.

ನಾನು ನಾಗರತ್ನಾ, ಊರಿನ ಉಪಕೇಂದ್ರದ ನರ್ಸ್. ನೋಡಲು ಹೋದಾಗ ಅವನ ತಾಯಿ ಕುಲ್ಸುಮಬಿ ಸಿಟ್ಟಾಗಿದ್ದಳು.

"ಪೈಪ್ ಹಾಕಿದ್ರ ಕೆಮ್ಮಿ ಕೆಮ್ಮಿ ಕಣ್ಣಾಗ ನೀರು ತರ್ತಾನ್ರಿ. ಮಂದಿ ಮುಂದ ಇದೆಂಥಾ ನಾಚಿಗ್ಗೇಡು!"

"ಕೆಮ್ಮಲಿ ಬಿಡ್ರಿ ಚಾಚಿ. ನಳಿಕ್ಯಾಗ ಗುರುಗುರು ಸಪ್ಪಳ ಬಂತಂದ್ರ ಕಫಾ ತಗ್ಯಾಕ ತಡಾ ಮಾಡಬ್ಯಾಡ್ರಿ. ಮಂದೀನ ಹೊರಗ ಕುಂದರಸ್ರಿ."

"ಮನಿಗೆ ಬಂದವ್ರಿಗೆ ಎದ್ದು ಹೋಗ್ರಿ ಅನ್ನಾಕ ಬಾಯಿ ಬರತೈತೇನ್ರಿ?"

ಆ ಶುಕ್ರವಾರ ರಾಣೆಬೆನ್ನೂರಿನಿಂದ ಬೀಗರು ಬಂದರು. ಕುಲ್ಸುಮಬಿ ಮಗನ ಕುತ್ತಿಗೆಗೆ ಶಾಲು ಹೊದಿಸಿ, ಯಂತ್ರವನ್ನು ಮಂಚದ ಕೆಳಗೆ ತಳ್ಳಿದಳು. ಸಪ್ಪಳ ಕೇಳಿ ಸುಮಯ್ಯಾ ಎರಡು ಸಲ ಎದ್ದಳು.

"ಚಾ ಕುಡದು ಹೊಂಟಾರ, ತಡಿ" ಎಂದು ಅತ್ತೆ ಕೂಡಿಸಿದಳು.

ಚಹಾ ಮುಗಿಯುವ ಹೊತ್ತಿಗೆ ಸಪ್ಪಳ ನಿಂತಿತು. ಆರಾಮಾಯಿತು ಅಂದುಕೊಂಡರು. ಸುಮಯ್ಯಾ ಶಾಲು ಸರಿಸಿದಾಗ ನಳಿಕೆ ಕಫದಿಂದ ಕಟ್ಟಿಹೋಗಿ, ಅವನ ತುಟಿ ನೀಲಿಯಾಗಿತ್ತು.

ಅವಳು ಕಫ ಎಳೆದಳು, ಬೀಗರೇ ಆಂಬುಲೆನ್ಸ್ ಕರೆದರು. ಜೀವ ಉಳಿಯಿತು. ಆದರೆ ಉಸಿರು ಕಟ್ಟಿದ್ದರಿಂದ ಮಿದುಳಿಗೆ ಮತ್ತೆ ಪೆಟ್ಟಾಗಿ, ತಾಯಿ ಕರೆದರೆ ಕಣ್ಣು ಹೊರಳಿಸುತ್ತಿದ್ದವನು ಈಗ ಹೊರಳಿಸುವುದಿಲ್ಲ. ಇದನ್ನು ಹೇಳಲು ನನಗೆ ಸಂಕಟವೂ ಆಗುತ್ತದೆ, ಸಿಟ್ಟೂ ಬರುತ್ತದೆ.

"ನನಗೂ ಕಲಸ್ರಿ ಸಿಸ್ಟರ್" ಎಂದಳು ಕುಲ್ಸುಮಬಿ. ಆಕೆ ಅಳಲಿಲ್ಲ.

ಕಲಿಸಿದೆ. "ಮೊದಲು ಸಾಬೂನಿಂದ ಕೈ ತೊಳೀರಿ, ಗ್ಲೌಸ್ ಹಾಕ್ರಿ. ಪೈಪ್ ಸ್ವಚ್ಛ ಇರಬೇಕು. ಡಾಕ್ಟರ್ ಹೇಳಿದ ಅಳತಿಗಿಂತ ಒಳಗ ಇಳಿಸಬ್ಯಾಡ್ರಿ. ಇಳಿಸುವಾಗ ಎಳಿಯೂದಿಲ್ಲ, ಹೊರಗ ತೆಗಿಯುವಾಗಷ್ಟ ಎಳೀಬೇಕು. ಹತ್ತು ಸೆಕೆಂಡಿನಾಗ ಮುಗಸ್ರಿ. ಮತ್ತ ಮಾಡೂದಿದ್ರ ಅವಗ ಉಸಿರಾಡಾಕ ಬಿಟ್ಟು ಮಾಡ್ರಿ."

ಈಗ ಯಾರೇ ಬರಲಿ, ಆಕೆಯೇ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. "ಸೊಸಿ ಕಫಾ ತಗ್ಯಾಕತ್ಯಾಳ, ಹೊರಗ ಕುಂದ್ರಿ" ಎನ್ನುತ್ತಾಳೆ.

ನಿಮ್ಮ ಮನೆಯಲ್ಲೂ ಕುತ್ತಿಗೆಗೆ ನಳಿಕೆ ಇದ್ದವರಿದ್ದರೆ, ಆಸ್ಪತ್ರೆ ಬಿಡುವ ಮೊದಲೇ ಇಬ್ಬರು ಕಲಿತುಕೊಳ್ಳಿ. ನಳಿಕೆಯನ್ನು ಯಾವತ್ತೂ ಮುಚ್ಚಬೇಡಿ. ಪೈಪ್ ಇಳಿಯದಿದ್ದರೆ ಅಥವಾ ತುಟಿ ನೀಲಿಯಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಬೀಗರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ನೀವು ಎದ್ದು ಯಂತ್ರ ಹಚ್ಚಿ.