ದಕ್ಷಿಣಕ್ಕೆ ಮುಖ ಮಾಡಿದ ಬಿದಿರು

ಬಾಗಿಲು ಬಡಿದ ಸದ್ದಾಯಿತು. ಮೊದಲು ಬೆರಳಿನಿಂದ, ಆಮೇಲೆ ಅಂಗೈಯಿಂದ.

ಪರಸಪ್ಪ ಕಿವಿಯ ಹೆಡ್‌ಫೋನ್ ಕಳಚಿಟ್ಟು ಅಗುಳಿ ತೆಗೆದ. ಹೊರಗೆ ಪಕ್ಕದ ಮನೆಯ ಭಾಗಪ್ಪ ನಿಂತಿದ್ದ. ಕೈಯಲ್ಲಿ ಕಂದೀಲು; ತಲೆಯ ಮೇಲೆ ಪಟಕಾ ಇಲ್ಲ.

“ಏನು ಕಾಕಾ, ಉಂಡು ಮಲಗೂ ಹೊತ್ತಿನ್ಯಾಗ?”

“ಮಾತು ಬ್ಯಾಡ. ಮಾಳಿಗಿ ಹತ್ತು.”

ಮಾಳಿಗೆಯ ಮೇಲೆ ಭಾಗಪ್ಪ ಕಂದೀಲನ್ನು ಎತ್ತಿ ಹಿಡಿದ. ಆ ಬೆಳಕಿನಲ್ಲಿ ಕಂಡದ್ದನ್ನು ಪರಸಪ್ಪನಿಗೆ ನಂಬಲಾಗಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿ ತಾನೇ ಬಿಗಿದಿದ್ದ ಆಂಟೆನಾ ಉತ್ತರಕ್ಕೆ ತಿರುಗಿ ನಿಂತಿತ್ತು. ಗಾಳಿಯ ಕೆಲಸವಲ್ಲ. ಯಾರೋ ಹಗ್ಗ ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟಿದ್ದರು.

ಅದು ೧೯೫೯ರ ಮಾರ್ಚ್. ಪರಸಪ್ಪ ವಿಜಾಪುರದ ತಂತಿ ಕಚೇರಿಯ ನೌಕರ. ಹವ್ಯಾಸಿ ರೇಡಿಯೊ ಪರವಾನಗಿ ಪಡೆದು, ಜೋರಾಪುರ ಪೇಟೆಯ ತನ್ನ ಮನೆಯಿಂದಲೇ ದೂರದ ದೇಶಗಳವರೊಡನೆ ಮೋರ್ಸ್ ಸಂಕೇತದಲ್ಲಿ ಮಾತಾಡುತ್ತಿದ್ದ. ಆ ವಿದ್ಯೆಯನ್ನು ತಮ್ಮ ಅಮೋಘಿಗೂ ಕಲಿಸಿದ್ದ. ಅಮೋಘಿ ಅದನ್ನೇ ಹಿಡಿದು ಸರಕು ಹಡಗೊಂದರಲ್ಲಿ ವೈರ್‌ಲೆಸ್ ಆಪರೇಟರ್ ಆದ. ಈಗ ಆ ಹಡಗು ದಕ್ಷಿಣಕ್ಕೆ, ಭೂಮಧ್ಯರೇಖೆಯ ಆಚೆ ಎಂಜಿನ್ ಕೆಟ್ಟು ನಿಂತಿತ್ತು. ಹಡಗಿನಲ್ಲಿ ಜ್ವರ ಹಬ್ಬಿದೆ, ಅಮೋಘಿಯೂ ಮಲಗಿದ್ದಾನೆ ಎಂದು ಒಂದು ತಂತಿ ಬಂದಿತ್ತು. ಅನಂತರ ಸುದ್ದಿಯಿಲ್ಲ. ಒಂದು ಸಂಜೆ ಮಾತ್ರ ಹಳೆಯ ನೇರ ತಂತಿಯ ಆಂಟೆನಾದಲ್ಲಿ, ಗೊರಗೊರ ಸದ್ದಿನ ಅಡಿಯಲ್ಲಿ, ಪರಸಪ್ಪನಿಗೆ ತಮ್ಮನ ಕೈ ಕೇಳಿಸಿತು. ಬರಹದಂತೆಯೇ ಮೋರ್ಸ್ ಒತ್ತುವ ಕೈಗೂ ಒಂದು ಗುರುತಿರುತ್ತದೆ. ‘ಅಣ್ಣಾ’ ಎಂಬ ಒಂದು ಪದ ಬಂತು, ಉಳಿದದ್ದು ಮುಳುಗಿತು.

ತಮ್ಮ ಬದುಕಿದ್ದಾನೆ. ಕರೆಯುತ್ತಿದ್ದಾನೆ. ಅವನಿಗೆ ಓಗೊಡಬೇಕಾದರೆ ಒಂದೇ ದಿಕ್ಕಿಗೆ ಕಿವಿಗೊಡುವ ಯಾಗಿ ಆಂಟೆನಾ ಬೇಕು.

ಅಲ್ಯೂಮಿನಿಯಂ ಕೊಳವೆ ಸ್ಟೇಷನ್ ರಸ್ತೆಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬಬಲೇಶ್ವರದಿಂದ ಹಸಿ ಬಿದಿರು ತಂದ. ಆಳುದ್ದಕ್ಕಿಂತ ತುಸು ಹೆಚ್ಚಿನ ಎರಡು ಗಳಗಳನ್ನು ಅಕ್ಕಪಕ್ಕ ಜೋಡಿಸಿ, ಅಲುಗದಂತೆ ನಡುನಡುವೆ ಗಿಡ್ಡ ಪಟ್ಟಿಗಳನ್ನು ಹಗ್ಗದಿಂದ ಬಿಗಿದ. ಅವುಗಳ ಮೇಲೆ ಅಡ್ಡಲಾಗಿ ಮೂರು ನೀಳ ಗಳಗಳು. ಒಂದೊಂದರ ಉದ್ದಕ್ಕೂ ತಾಮ್ರದ ತಂತಿ. ನಡುವಿನ ತಂತಿಯಿಂದ ಯಂತ್ರಕ್ಕೆ ಜೋಡಣೆ. ಹಿಂದಿನದು ಅದಕ್ಕಿಂತ ಒಂದು ಗೇಣು ಉದ್ದ, ಅಲೆಯನ್ನು ಮುಂದಕ್ಕೆ ಮರಳಿಸಲು. ಮುಂದಿನದು ಒಂದು ಗೇಣು ಗಿಡ್ಡ, ಅಲೆಯನ್ನು ಒಳಕ್ಕೆ ಸೆಳೆಯಲು. ಇಂಥ ಆಂಟೆನಾ ಮುಖವಿದ್ದ ಕಡೆಯ ಪಿಸುಮಾತನ್ನೂ ಹಿಡಿಯುತ್ತದೆ. ಬೆನ್ನಿದ್ದ ಕಡೆಗೆ ಕಿವುಡು.

“ಕಾಗಿ ಸೈತ ಕುಂದ್ರಾಕ ಅಂಜತಾವಲೇ ಇದರ ಮ್ಯಾಲ,” ಎಂದು ಭಾಗಪ್ಪ ತನ್ನ ಮಾಳಿಗೆಯಿಂದಲೇ ಕೆಣಕಿದ್ದ. “ಕಿತ್ತು ಒಗೀತೇನಿ ನೋಡು ಒಂದಿನ.”

“ಒಗೀರಿ ಕಾಕಾ,” ಎಂದು ಹೆಂಡತಿ ಸೀತವ್ವ ಅಂಗಳದಿಂದ ಕೂಗಿದ್ದಳು. “ನನ್ನ ಕೂಡ ಎರಡು ಮಾತು ಆಡ್ಯಾರು. ಆ ಕಟಕಟಿ ಕೂಡನ ಸಂಸಾರ ನಡದೈತಿ ಇವರದು.”

ಆಂಟೆನಾ ಯಾಕೆಂದು ಪರಸಪ್ಪ ಮನೆಯಲ್ಲಿ ಹೇಳಿರಲಿಲ್ಲ. ಜ್ವರದ ಸುದ್ದಿಯ ತಂತಿ ಬಂದಂದಿನಿಂದ ತಾಯಿ ಹೊಳೆವ್ವ ಒಪ್ಪತ್ತು ಉಣ್ಣುತ್ತಿದ್ದಳು. ತಿಕೋಟಾದ ತವರಿನವರು ಬಂದು ಹೇಳಿದರೂ ಕೇಳಿರಲಿಲ್ಲ. ಆಸೆ ಹುಟ್ಟಿಸಿ ಸುಳ್ಳಾದರೆ ಆಕೆಯ ಜೀವ ತಡೆಯಲಾರದೆಂದು ಅವನು ಅಂಜಿದ್ದ.

ಆದರೆ ಹೊಸ ಆಂಟೆನಾ ಮೂಕವಾಯಿತು. ಕತ್ತಲಾಗುವ ಹೊತ್ತಿಗೆ ಕಚೇರಿಯಿಂದ ಬಂದು, ನೇರ ಯಂತ್ರದ ಮುಂದೆ ಕೂತು ಕಿವಿಗೊಟ್ಟರೆ, ಹಳೆಯದರಲ್ಲಿ ಕೇಳಿದಷ್ಟೂ ಕೇಳಲಿಲ್ಲ. ಬೆಳಗ್ಗೆ ಮೇಲೆ ಹೋಗಿ ನೋಡಿದರೆ ಎಲ್ಲವೂ ಇದ್ದಂತೆಯೇ ಇರುತ್ತಿತ್ತು. ತಪ್ಪು ತನ್ನ ಲೆಕ್ಕದ್ದೇ ಎಂದುಕೊಂಡು ದಿನವೂ ತಂತಿ ಬಿಚ್ಚಿದ, ಬೆರಳಷ್ಟು ಕತ್ತರಿಸಿದ, ಬೆರಳಷ್ಟು ಕೂಡಿಸಿದ. ಸಂಜೆಗೆ ಮತ್ತೆ ಅದೇ ಮೌನ.

ಇಂದು, ಕಂದೀಲಿನ ಬೆಳಕಿನಲ್ಲಿ, ಕಾರಣ ಕಣ್ಣೆದುರಿಗಿತ್ತು.

“ಕಿತ್ತು ಒಗೀತೇನಿ ಅಂದಾಂವ ನೀನ ಅಲ್ಲೇನು ಕಾಕಾ?”

“ಅಂದೇನಿ. ನಾ ಮಾಡೂದಿದ್ರ ಹಾಡುಹಗಲ ಮಾಡ್ತಿದ್ದೆ, ಮೀಸಿ ತಿರುವಿ. ದೀಪ ಹಚ್ಚೂ ಹೊತ್ತಿಗೆ ಇದು ಬಡಗಣಕ್ಕ ತಿರುಗತೈತಿ, ಕೋಳಿ ಕೂಗೂದ್ರಾಗ ಮತ್ತ ತೆಂಕಣಕ್ಕ. ಮೊದಲ ನೆದರು ತಪ್ಪಿತೇನೋ ಅಂದಕೊಂಡಿದ್ದೆ. ಇವತ್ತ ಕಾದು ಕುಂತು ನೋಡೇನಿ.”

“ಯಾರು?”

“ಮೊದಲ ತಿರುಗಸು.”

ಹಗ್ಗ ಬಿಚ್ಚಿದೊಡನೆ ಬಿದಿರು ಒಂದೇ ಕೈಗೆ ತಿರುಗಿತು; ದಕ್ಷಿಣಕ್ಕೆ ಮುಖ ಮಾಡಿ ಮತ್ತೆ ಕಟ್ಟಿದರು. ಪರಸಪ್ಪ ಓಡಿ ಇಳಿದು ಹೆಡ್‌ಫೋನ್ ಹಾಕಿಕೊಂಡ.

ಮೋರ್ಸ್ ಸದ್ದು ಸ್ಪಷ್ಟವಾಗಿ ಕೇಳಿಸಿತು. ತನ್ನ ಲೆಕ್ಕ ತಪ್ಪಿರಲಿಲ್ಲ! ಒಂದು ಗಳಿಗೆ ಅವನ ಎದೆ ಹಿಗ್ಗಿತು. ಮರುಗಳಿಗೆಯೇ ಪೆನ್ಸಿಲ್ ನಿಂತಿತು. ಅದು ತಮ್ಮನ ಕೈಯಲ್ಲ. ಹಡಗಿನ ಇನ್ನಾರೋ ತಡವರಿಸುತ್ತ, ಅಕ್ಷರ ಅಕ್ಷರ ಹುಡುಕಿ ಒತ್ತುತ್ತಿದ್ದರು.

‘ಅಮೋಘಿ ಇಂದು ಸೂರ್ಯ ಮುಳುಗುವಾಗ ತೀರಿಕೊಂಡರು. ಪ್ರತಿ ಸಂಜೆ ಅಣ್ಣನನ್ನು ಕರೆದರು. ಉತ್ತರ ಬರಲಿಲ್ಲ. ಕೇಳುತ್ತಿದೆಯೇ? ಕೇಳುತ್ತಿದೆಯೇ?’

ಕೇಳಿತು ಎಂದು ಪರಸಪ್ಪ ಒತ್ತಿದ. ಎದ್ದು ಬಾಗಿಲಿಗೆ ಬಂದ. ಭಾಗಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಪರಸಪ್ಪನ ಮುಖ ನೋಡಿಯೇ ಅವನಿಗೆ ತಿಳಿಯಿತು.

“ಹ್ವಾದನೇನೋ ಅಮೋಘಿ?”

“ಕರದು ಕರದು ಹ್ವಾದ. ನಾ ಇಲ್ಲೇ ಕುಂತಿದ್ದೆ ಕಾಕಾ, ಕಿವಿಗೆ ಹಚ್ಚಿಕೊಂಡು ಕುಂತಿದ್ದೆ. ಹೆಸರು ಹೇಳು. ಯಾರ ಕೈ ಅದು?”

ಭಾಗಪ್ಪ ನೆಲ ನೋಡಿದ. “ಹಸಿ ಬಿದಿರು ಜೋಡಿಸಿ, ಅಡ್ಡಪಟ್ಟಿ ಬಿಗಿದಿ. ಹೆಣ ಹೊರೂ ಸಿದಗಿ ಹಿಂಗ ಕಟ್ತಾರ ಅಂಬೂದು ನಿನಗ ಹೊಳೀಲಿಲ್ಲ. ಅದರ ಮುಖ ಯಮನ ದಿಕ್ಕಿಗೆ ಮಾಡಿ ಮನಿ ಮ್ಯಾಲ ನಿಲ್ಲಿಸಿದಿ. ಮನಿಮಗ ಜ್ವರದಾಗ ಮಲಗ್ಯಾನ. ದೀಪ ಹಚ್ಚೂ ಹೊತ್ತಿಗೆ ಸಿದಗಿ ತೆಂಕಣಕ್ಕ ಹೊಂಟಿದ್ರ ಆ ಹುಡುಗ ಉಳದಾನೇನು ಅಂತ ಅಂಜಿ ತಿರುಗಿಸ್ಯಾರ. ನೀ ಸಿಟ್ಟಾಗಬಾರದಂತ ನಸಿಕಿನ್ಯಾಗ ಮತ್ತ ಇದ್ದಂಗ ಇಟ್ಟಾರ. ಅಂವ ಬದುಕಲಿ ಅಂತ ಮಾಡ್ಯಾರ ಪರಸ್ಯಾ.”

“ಯಾಕಂತ ಕೇಳಿಲ್ಲ. ಯಾರಂತ ಕೇಳೇನಿ.”

ಒಳಬಾಗಿಲಲ್ಲಿ ಸೀತವ್ವ ಬಂದು ನಿಂತಿದ್ದಳು. ಪರಸಪ್ಪ ಅವಳತ್ತ ತಿರುಗಿದ. ಅವಳು ಅಳುತ್ತಲೇ, ತಾನಲ್ಲವೆಂದು ತಲೆಯಾಡಿಸಿದಳು.

ಭಾಗಪ್ಪ ಕಂದೀಲಿನ ಬತ್ತಿ ಇಳಿಸಿದ.

“ನಿಮ್ಮವ್ವ,” ಎಂದ, “ಹೊಳೆವ್ವ.”