ಬಾಡಿಗೆ ಮೊಮ್ಮಗನ ದನಿ

ನಾನು ಒಂದು ಸಿನಿಮಾ. ಹಾಗೆಂದ ಕೂಡಲೇ ಜನ ಪರದೆಯ ಕಡೆ ನೋಡುತ್ತಾರೆ. ನಾನಿರುವುದು ಅಲ್ಲಿ ಅಲ್ಲ, ಡಬ್ಬಿಯಲ್ಲಿ. ಹದಿನಾಲ್ಕು ತಗಡಿನ ಡಬ್ಬಿ, ಹದಿನಾಲ್ಕು ರೀಲು, ಬಿಚ್ಚಿ ಹಾಸಿದರೆ ನಾಲ್ಕು ಕಿಲೋಮೀಟರು. ಹೆಸರು ‘ಬಾಡಿಗೆ ಮೊಮ್ಮಗ’. ಕೇಳಿಲ್ಲವೇ? ಬೇಸರ ಮಾಡಿಕೊಳ್ಳಬೇಡಿ, ಯಾರೂ ಕೇಳಿಲ್ಲ.

ಹುಟ್ಟಿದ್ದು ಮದರಾಸಿನ ಒಂದು ಲ್ಯಾಬಿನ ಕತ್ತಲೆ ಕೋಣೆಯಲ್ಲಿ. ಪ್ಲಾಸ್ಟಿಕ್ಕಿನ ಪಟ್ಟಿ, ಅದರ ಮೇಲೆ ಎಲುಬಿನಿಂದ ತೆಗೆದ ಅಂಟು, ಅಂಟಿನಲ್ಲಿ ಬೆಳ್ಳಿಯ ಕಣ. ಇಷ್ಟೇ ನನ್ನ ಮೈ. ಔಷಧಿ ನೀರಿನ ತೊಟ್ಟಿಗಳಲ್ಲಿ ಒಂದಾದ ಮೇಲೊಂದರಂತೆ ಮುಳುಗಿಸಿ, ತೊಳೆದು, ಬಿಸಿ ಗಾಳಿಗೆ ಒಣಗಿಸಿದರು. ಚಿತ್ರವೆಲ್ಲ ನನ್ನ ಮೈಯ ನಡುವೆ ಇದೆ. ಒಂದು ಅಂಚಿನಲ್ಲಿ ಮಾತ್ರ ಸಣ್ಣ ಬಿಳಿ ಗೆರೆಯೊಂದು ನಡುಗುತ್ತ ಓಡುತ್ತದೆ. ಅದು ದನಿ. ನನ್ನ ಕರ್ಮವೆಲ್ಲ ಆ ಅಂಚಿನದು.

ಕಥೆ ನಗೆಯದು. ಒಬ್ಬ ಶ್ರೀಮಂತ ತಾತ ಉಯಿಲು ಬರೆಯುತ್ತಾನೆ: ಚಿಕ್ಕಂದಿನಲ್ಲಿ ಕಳೆದುಹೋದ ಮೊಮ್ಮಗ ದೀಪಾವಳಿಯೊಳಗೆ ಬಂದರೆ ಆಸ್ತಿಯೆಲ್ಲ ಅವನಿಗೆ, ಬರದಿದ್ದರೆ ಊರಿನ ಕೋತಿಗಳಿಗೆ. ಮನೆಯ ಸೊಸೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನೊಬ್ಬನನ್ನು ಬಾಡಿಗೆಗೆ ತಂದು ಮೊಮ್ಮಗನೆಂದು ನಿಲ್ಲಿಸುತ್ತಾಳೆ. ಮರುದಿನವೇ ಇನ್ನಿಬ್ಬರು ಮೊಮ್ಮಕ್ಕಳು ಬಂದಿಳಿಯುತ್ತಾರೆ, ಅವರಲ್ಲೊಬ್ಬ ಮೀಸೆ ಅಂಟಿಸಿಕೊಂಡ ಹುಡುಗಿ. ಕೊನೆಗೆ ನೋಡಿದರೆ ತಾತನೇ ಅಸಲಿಯಲ್ಲ. ಅಸಲಿ ತಾತ ನೆಂಟರ ಕಾಟ ತಾಳದೆ ಆಸ್ತಿ ಮಾರಿ, ತನ್ನ ಜಾಗದಲ್ಲಿ ನಾಟಕದವನೊಬ್ಬನನ್ನು ಕೂರಿಸಿ, ಎಂದೋ ಕಾಶಿ ರೈಲು ಹತ್ತಿರುತ್ತಾನೆ.

ಬಾಡಿಗೆ ಮೊಮ್ಮಗನ ಪಾತ್ರ ಮಾಡಿದವನು ರಾಚಪ್ಪ ಕೌಜಲಗಿ, ನರಗುಂದದ ಕಡೆಯ ನಾಟಕ ಕಂಪನಿಯ ಹಾಸ್ಯಗಾರ. ತಿಪಟೂರಿನ ಕೊಬ್ಬರಿ ವ್ಯಾಪಾರಿ ಪುಟ್ಟರುದ್ರಯ್ಯ ಅವನ ನಾಟಕ ನೋಡಿ, ಕುರ್ಚಿಯಿಂದ ಕೆಳಗೆ ಬೀಳುವಷ್ಟು ನಕ್ಕು, ಅಲ್ಲೇ ನಿರ್ಮಾಪಕರಾಗಿಬಿಟ್ಟರಂತೆ. ಶೂಟಿಂಗ್ ಮುಗಿದ ಮೇಲೆ ಅವರಿಗೆ ಚಿಂತೆ ಹತ್ತಿತು. “ಕಥೆ ನಡೆಯೋದು ಮೈಸೂರಲ್ಲಿ. ಇವನು ಹೀಗೆ ‘ಹೋಗೂನು, ಬರೂನು’ ಅಂದ್ರೆ ನಮ್ಮ ಜನ ಒಪ್ತಾರೇನ್ರೀ?” ಎಂದರು. ರಾಚಪ್ಪನಿಗೆ ಒಂದು ಕಾಗದ ಹೋಯಿತು: ಡಬ್ಬಿಂಗಿಗೆ ತಾವು ಬರುವ ಅಗತ್ಯವಿಲ್ಲ. ಅಷ್ಟೇ, ಕಾರಣ ಬರೆದಿರಲಿಲ್ಲ. ಮೈಸೂರಿನ ಅಳಸಿಂಗಾಚಾರ್ ಎಂಬ ಸಂಕೋಚದ ಮನುಷ್ಯ ಎರಡು ದಿನ ಬಂದು, ನಡುನಡುವೆ ಬಿಸಿನೀರು ಕುಡಿಯುತ್ತ, ರಾಚಪ್ಪನ ತುಟಿಗೆ ತನ್ನ ಮಾತು ಕೂಡಿಸಿ ಹೋದರು. ಅವರ ಹೆಸರು ಟೈಟಲಿನಲ್ಲೂ ಇಲ್ಲ. ಇದನ್ನೆಲ್ಲ ನಾನು ಲ್ಯಾಬಿನವರ ಬಾಯಲ್ಲಿ ಕೇಳಿದ್ದು.

ಬೆಂಗಳೂರಿನಲ್ಲಿ ಒಂದು ವಾರ ಓಡಿದೆ, ಮೈಸೂರಿನಲ್ಲಿ ಮೂರು ದಿನ. ಜನ ನಗಲಿಲ್ಲ. ತಪ್ಪು ಅವರದಲ್ಲ. ರಾಚಪ್ಪನ ಮುಖ ಓಡುತ್ತಿತ್ತು, ಆಚಾರ್ಯರ ಮಾತು ನಡೆಯುತ್ತಿತ್ತು. ಕ್ಲಾರಿನೆಟ್ಟಿನವನು ಪುರಾಣ ಓದಿದ ಹಾಗೆ ಮಾತಾಡಿದರೆ ಯಾರಿಗೆ ನಗು ಬಂದೀತು? ಹೀಗೆ ಊರಿಂದೂರಿಗೆ ಬೈಸಿಕೊಳ್ಳುತ್ತ, ಹಾಡುಗಳನ್ನು ಕತ್ತರಿಸಿಕೊಳ್ಳುತ್ತ, ಹತ್ತಿ ಮೂಟೆಗಳ ಜೊತೆ ಚಕ್ಕಡಿ ಗಾಡಿಯಲ್ಲಿ ನರಗುಂದದ ಚಂದ್ರಕಲಾ ಟಾಕೀಜಿಗೆ ಬಂದಿಳಿದೆ.

ಮೊದಲ ಆಟಕ್ಕೆ ರಾಚಪ್ಪ ಹೊಸ ಪಟಕಾ ಸುತ್ತಿಕೊಂಡು ಬಂದ. ಇಡೀ ನಾಟಕ ಕಂಪನಿ ಅವನ ಹಿಂದೆ. ಪಕ್ಕದಲ್ಲಿ ಏಳು ತಿಂಗಳ ಬಸುರಿ ಹೆಂಡತಿ ಗೌರವ್ವ. ದೀಪ ಆರಿತು. ಪರದೆಯ ಮೇಲೆ ರಾಚಪ್ಪ ಕ್ಲಾರಿನೆಟ್ ಕೆಳಗಿಳಿಸಿ ಬಾಯಿ ತೆರೆದ. ಬಂದದ್ದು ಅಳಸಿಂಗಾಚಾರ್ಯರ ದನಿ.

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ನೆಲದ ಕ್ಲಾಸಿನಿಂದ ಯಾರೋ ಕೂಗಿದರು: “ಲೇ ರಾಚ್ಯಾ, ಯಾರಲೇ ಅಂವ, ನಿನ್ನ ಹೊಟ್ಟ್ಯಾಗ ಕುಂತು ಮಾತಾಡಾಂವ?”

ಟಾಕೀಜು ಬಿದ್ದು ಬಿದ್ದು ನಕ್ಕಿತು. ನನ್ನ ಬಾಳಿನಲ್ಲಿ ನನಗೆ ಸಿಕ್ಕ ಮೊದಲ ನಗು ಅದು. ಅಂಥ ನಗು ಯಾವ ಸಿನಿಮಾಕ್ಕೂ ಬೇಡ. ರಾಚಪ್ಪ ಪಟಕಾದ ಸೆರಗಿನಿಂದ ಮುಖ ಮುಚ್ಚಿಕೊಂಡ. ಗೌರವ್ವ ಅವನ ಕೈ ಬಿಡಲಿಲ್ಲ.

ಇಂಟರ್‌ವಲ್ಲಿನಲ್ಲಿ ಅವನು ಮಷಿನ್ ಕೋಣೆಗೆ ಹತ್ತಿ ಬಂದ. ಆಪರೇಟರ್ ಲಾಲಸಾಬ ಪಿಂಜಾರನಿಗೆ ಆಗ ಇಪ್ಪತ್ತೆರಡು ವರ್ಷ.

“ಲಾಲಸಾಬ, ಆ ದನಿ ಬಂದ್ ಮಾಡು.”

“ದನಿ ಬಂದ್ ಮಾಡಿದ್ರ ಸಿನಿಮಾ ಮೂಕ ಆಕ್ಕೈತಲ್ರೀ.”

“ಆದ್ರ ಆಗಲಿ. ನಾ ಅದೀನಲ್ಲ!”

ಟಾಕೀಜಿನವರು ಊರಲ್ಲಿ ಸಾರಲು ಇಟ್ಟುಕೊಂಡಿದ್ದ ಮೈಕು ಹಿಡಿದು ಅವನು ಪರದೆಯ ಹಿಂದೆ ಹೋಗಿ ನಿಂತ. ತಾತನೂ ಅವನೇ, ಸೊಸೆಯೂ ಅವನೇ, ಮೀಸೆಯ ಹುಡುಗಿಯೂ ಅವನೇ. ಚಿತ್ರದಲ್ಲಿ ತಾತ, ಮೊಮ್ಮಗನಿಗೆ ಚಿಕ್ಕಂದಿನಲ್ಲಿ ಇಷ್ಟವಿತ್ತೆಂದು ಹಾಗಲಕಾಯಿ ಪಲ್ಯವನ್ನು ರಾಶಿ ರಾಶಿ ಬಡಿಸುತ್ತಾನೆ. ಅಲ್ಲಿ ಆಚಾರ್ಯರು “ಬಹಳ ರುಚಿಯಾಗಿದೆ ತಾತ” ಎಂದಿದ್ದರು. ರಾಚಪ್ಪ ಪರದೆಯ ಹಿಂದಿನಿಂದ “ಅಜ್ಜಾ, ಆಸ್ತಿ ಅರ್ಧಾ ಕೊಟ್ರೂ ನಡೀತೈತಿ, ಪಲ್ಯಾ ಅರ್ಧಾ ಮಾಡೋ ಯಪ್ಪಾ” ಎಂದ. ಮುಖಕ್ಕೂ ಮಾತಿಗೂ ಕೊನೆಗೊಮ್ಮೆ ತಾಳ ಕೂಡಿತು. ಜನ ಎದ್ದು ನಿಂತು ಸಿಳ್ಳೆ ಹೊಡೆದರು.

ಹತ್ತೊಂಬತ್ತು ದಿನ ಹಾಗೆ ಓಡಿದೆ. ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದರು. ಲಾಲಸಾಬ ಮಷಿನ್ ಪಕ್ಕ ನಿಂತು ಒಂದಾಟವೂ ಬಿಡದೆ ಕೇಳುತ್ತಿದ್ದ. ಕೊನೆಕೊನೆಗೆ ಅವನ ತುಟಿಯೂ ರಾಚಪ್ಪನ ಮಾತಿನ ಜೊತೆ ಆಡುತ್ತಿತ್ತು.

ಇಪ್ಪತ್ತನೆಯ ದಿನ ರಾಚಪ್ಪನ ದನಿ ಕಟ್ಟಿತು. ಜ್ವರ ಬಂತು, ಕಾಮಾಲೆ ಎಂದರು, ಹದಿನೈದು ದಿನದಲ್ಲಿ ಹೋಗಿಬಿಟ್ಟ. ಮುಂದಿನ ತಿಂಗಳು ಗೌರವ್ವನಿಗೆ ಹೆಣ್ಣು ಮಗು ಹುಟ್ಟಿತು. ಹತ್ತೊಂಬತ್ತು ದಿನ ಅವನು ನನ್ನೆದುರೇ ಅಷ್ಟು ಮಾತಾಡಿದ್ದ. ಅದರಲ್ಲಿ ಒಂದಕ್ಷರವೂ ನನ್ನ ಮೈಗೆ ಅಂಟಲಿಲ್ಲ. ಬರೆದದ್ದನ್ನು ಒದರುವುದಷ್ಟೇ ನನಗೆ ಗೊತ್ತು, ಹೊಸದನ್ನು ಬರೆದುಕೊಳ್ಳುವ ಶಕ್ತಿ ನನಗಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆಮೇಲಿನದು ಹೇಳುವಂಥದ್ದಲ್ಲ. ಹಂಚಿಕೆದಾರರು ಅಂಗಡಿ ಮುಚ್ಚಿದರು, ನನ್ನನ್ನು ಕರೆಸಿಕೊಳ್ಳುವವರು ಉಳಿಯಲಿಲ್ಲ. ಟಾಕೀಜಿನ ಮೆಟ್ಟಿಲ ಕೆಳಗೆ ನಾಲ್ಕು ದಶಕ ಬಿದ್ದಿದ್ದೆ. ನನ್ನ ಒಡಹುಟ್ಟಿದ ಪ್ರಿಂಟುಗಳನ್ನು ತೊಳೆದು ಬೆಳ್ಳಿ ತೆಗೆದು, ಉಳಿದ ಪಟ್ಟಿಯನ್ನು ಬಳೆ ಮಾಡುವವರಿಗೆ ಕೊಟ್ಟರೆಂದು ಕೇಳಿದೆ. ಅವರ ಪುಣ್ಯ, ಬೇಗ ಮುಗಿಯಿತು. ಟಾಕೀಜು ಮುಚ್ಚಿ ಉಳ್ಳಾಗಡ್ಡಿ ಗೋದಾಮಾದಾಗ ಮಾಲೀಕರು ಮಷಿನ್ನನ್ನೂ ನನ್ನನ್ನೂ ಲಾಲಸಾಬನಿಗೆ ಬಿಟ್ಟುಕೊಟ್ಟರು. ಅವನ ಮನೆಯಲ್ಲಿ ನನ್ನ ಡಬ್ಬಿಯ ಮುಚ್ಚಳಗಳಲ್ಲಿ ಕೋಳಿಗಳು ನೀರು ಕುಡಿದವು. ಬಿಸಿಲಿಗೆ ಮೈ ಹುಳಿ ಬಂದು ನಾರತೊಡಗಿತು. “ಮಾವಾರ, ಮನ್ಯಾಗ ಏನೋ ಕೊಳಿಯಾಕ ಹತ್ತೈತಿ,” ಎಂದು ಸೊಸೆ ದಿನಾ ಗೊಣಗುತ್ತಿದ್ದಳು. ಕೊಳೆಯುತ್ತಿದ್ದದ್ದು ನಾನೇ. ಬೆಳ್ಳಿಯವರು ಎರಡು ಸಲ ಬಂದು ಕೇಳಿದರೂ ಲಾಲಸಾಬ ಕೊಡಲಿಲ್ಲ. ಕೊಟ್ಟುಬಿಡಪ್ಪ ಎಂದು ಹೇಳಲು ನನಗೆ ಬಾಯಿದ್ದರೆ ಹೇಳುತ್ತಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬಳು ಬಂದಳು. ಗಜೇಂದ್ರಗಡದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ, ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ದನಿ ದೊಡ್ಡದು.

“ಕಾಕಾ, ನಾ ದಾನಮ್ಮ. ರಾಚಪ್ಪ ಕೌಜಲಗಿ ಮಗಳು. ಅಪ್ಪನ ಸಿನಿಮಾ ನಿಮ್ಮ ಹತ್ರ ಐತೆಂತ ಕೇಳಿ ಬಂದೀನಿ. ನಾ ಅವನ ಮಾರಿ ನೋಡಿಲ್ಲ, ಒಂದ ಫೋಟೋ ಐತಿ. ಅಪ್ಪ ಬೇಕಂತ ಅತ್ತಾಗೆಲ್ಲಾ ಅವ್ವ ಅಂತಿದ್ಲು, ‘ಅಳಬ್ಯಾಡ, ನಿಮ್ಮಪ್ಪನ ದನಿ ಸಿನಿಮಾದಾಗ ಐತಿ, ಒಂದಿನ ಕೇಳೀಯಂತ’ ಅಂತ. ಹ್ವಾದ ವರ್ಷ ಅವ್ವನೂ ಹ್ವಾದ್ಲು. ಒಮ್ಮೆ ಆ ದನಿ ಕೇಳಿಸ್ರಿ, ಸಾಕು.”

ಲಾಲಸಾಬ ಡಬ್ಬಿಗಳನ್ನು ತೆಗೆದ. ಹನ್ನೊಂದು ರೀಲು ಬೆಲ್ಲದ ಪೆಂಟೆಯಂತೆ ಗಟ್ಟಿಯಾಗಿದ್ದವು. ಮೂರು ಮಾತ್ರ ಬಿಚ್ಚಿಕೊಂಡವು. “ಇವೂ ಒಮ್ಮೆ ಮಷಿನ್ಯಾಗ ಹ್ವಾದ್ರ ಮುಗೀತು ತಂಗಿ, ಚೂರು ಚೂರು ಆಕ್ಕಾವು. ಎರಡನೇ ಸಲ ಇಲ್ಲ,” ಎಂದ.

ಆಕೆ ಮುಂದಿನ ಭಾನುವಾರ ಬರುವೆನೆಂದು ಹೋದಳು. ಆ ವಾರವೆಲ್ಲ ಲಾಲಸಾಬ ನನ್ನ ಡಬ್ಬಿಗಳ ಪಕ್ಕ ಕೂತು “ಹೇಳ್ಲೋ ಬ್ಯಾಡೋ” ಎಂದು ತನ್ನಷ್ಟಕ್ಕೆ ಕೇಳಿಕೊಂಡ. ಎಂಬತ್ಮೂರರ ಮುದುಕ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಚಾರ್ಯರ ದನಿ ಇಂಪಾಗಿತ್ತು, ಆಕೆ ಕೇಳಿ, ಕಣ್ಣೀರಿಟ್ಟು, ತೃಪ್ತಿಯಿಂದ ಹೋಗುತ್ತಿದ್ದಳು. ಬಾಡಿಗೆ ಮೊಮ್ಮಗನಿಗೆ ಬಾಡಿಗೆ ದನಿ. ಸುಳ್ಳು ವಾರಸುದಾರರ ಕಥೆ ಹೊತ್ತು ಬಾಳು ಕಳೆದ ನಾನು ಕೊನೆಗೆ ಒಬ್ಬ ನಿಜವಾದ ವಾರಸುದಾರಳಿಗೆ ಸುಳ್ಳು ಆಸ್ತಿ ಕೊಡಬೇಕಾಗಿ ಬಂತಲ್ಲ ಎಂದು ಸಂಕಟವಾಯಿತು.

ಭಾನುವಾರ ಮಧ್ಯಾಹ್ನ ಉಳ್ಳಾಗಡ್ಡಿ ಗೋದಾಮಿನ ಬಾಗಿಲು ಮುಚ್ಚಿ ಕತ್ತಲೆ ಮಾಡಿದರು. ಗೋಡೆಗೆ ಬಿಳಿ ಧೋತರ ಕಟ್ಟಿದರು. ದಾನಮ್ಮ ಮೈಕ್ ಸೆಟ್ಟಿನ ಅಂಗಡಿಯಿಂದ ದನಿಯ ಪೆಟ್ಟಿಗೆ ತಂದಿದ್ದಳು. ಲಾಲಸಾಬ ನನ್ನನ್ನು ಮಷಿನ್ನಿನ ಹಲ್ಲುಗಳ ನಡುವೆ ಏರಿಸಿದ, ದನಿಯ ತಿರುಪಿನ ಮೇಲೆ ಕೈಯಿಟ್ಟ, ಕೈ ಅಲ್ಲೇ ನಿಂತಿತು.

“ತಂಗಿ, ಇದರಾಗಿರೂದು ನಿಮ್ಮಪ್ಪನ ದನಿ ಅಲ್ಲ.”

ಎಲ್ಲವನ್ನೂ ಹೇಳಿದ. ಕಾಗದ, ಆಚಾರ್, ಪಟಕಾ, ಪರದೆಯ ಹಿಂದಿನ ಹತ್ತೊಂಬತ್ತು ದಿನ. ದಾನಮ್ಮ ಕೇಳಿ ಕೆಂಡವಾದಳು.

“ಹಂಗಾರ ನಮ್ಮವ್ವ ಸುಳ್ಳು ಹೇಳಿದ್ಲನ್ರಿ? ಅರವತ್ತು ವರ್ಷ?”

“ಸುಳ್ಳಲ್ಲ ಯವ್ವಾ. ಆಕಿ ದಿನಾ ಬಂದು ಕೇಳಿದ್ದು ಪರದೆ ಹಿಂದಿನ ದನಿ. ಆಕಿ ಪಾಲಿಗೆ ಸಿನಿಮಾ ಅಂದ್ರ ಅದ.”

“ನಿಮಗ ನೆನಪೈತೇನು ಆ ದನಿ?”

ಲಾಲಸಾಬ ಕಣ್ಣು ಮುಚ್ಚಿ ತುಟಿ ಆಡಿಸಿ ನೋಡಿದ. “ಮಾತು ನೆನಪದಾವು. ಒಂದೂ ಮರತಿಲ್ಲ. ದನಿ… ದನಿ ನೆನಪಾಗವಲ್ದು.”

ದಾನಮ್ಮ ಗಿರಣಿಯ ದೊಡ್ಡ ದನಿಯಲ್ಲೇ ಅತ್ತಳು. ಅಪ್ಪ ಸತ್ತದ್ದಕ್ಕೆ ಅಳಲು ಆಕೆಗೆ ಅಂದೇ ಅವಕಾಶ ಸಿಕ್ಕಿದ್ದು. ಅತ್ತು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು ದನಿಯ ಪೆಟ್ಟಿಗೆಯ ವೈರನ್ನು ತಾನೇ ಕಿತ್ತಳು. “ಯಾರದೋ ದನಿ ತಗೊಂಡು ನಾ ಏನ್ ಮಾಡ್ಲಿ? ಮಾತಾದ್ರೂ ಅವನವ ಅದಾವಲ್ಲ. ನೀವ ಹೇಳ್ರಿ.”

ಅಳಸಿಂಗಾಚಾರ್ಯರೇ, ಕ್ಷಮಿಸಿ. ನಿಮ್ಮ ದನಿ ಜಗತ್ತಿಗೆ ಕೇಳಿಸಬಹುದಾಗಿದ್ದ ಕೊನೆಯ ಸಲ ಅದು. ನಿಮ್ಮನ್ನು ಹುಡುಕಿಕೊಂಡು ಯಾರೂ ಬರಲಿಲ್ಲ.

ಮಷಿನ್ ಗಡಗಡಿಸಿತು. ಮೊದಲ ಹಲ್ಲಿಗೇ ನನ್ನ ಅಂಚು ಹರಿಯಿತು. ಧೋತರದ ಮೇಲೆ ರಾಚಪ್ಪ ಮೂಡಿದ, ಇಪ್ಪತ್ತೆಂಟು ವರ್ಷದವನು, ತನ್ನ ಮಗಳಿಗಿಂತ ಎಷ್ಟೋ ಚಿಕ್ಕವನು. ದಾನಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ತಾತ ಮೊಮ್ಮಗನಿಗೆ, ಹುಟ್ಟುಮಚ್ಚೆ ತೋರಿಸು ಎನ್ನುವ ದೃಶ್ಯ. ಎಡ ಭುಜಕ್ಕೆ ಕಾಡಿಗೆಯಲ್ಲಿ ಬರೆದ ಮಚ್ಚೆ ಬೆವರಿಗೆ ಕರಗಿ ಮೊಣಕೈಗೆ ಇಳಿದಿರುತ್ತದೆ. ಪರದೆಯ ರಾಚಪ್ಪ ತುಟಿ ಆಡಿಸಿದ. ಲಾಲಸಾಬ ಒಡಕು ದನಿಯಲ್ಲಿ, ಉಸಿರು ಹಿಡಿದು ಅಂದ:

“ಸಣ್ಣಾಂವಿದ್ದಾಗ ಭುಜದ ಮ್ಯಾಲ ಇತ್ರಿ ಅಜ್ಜಾರ. ನಾ ಮನಿ ಬಿಟ್ಟು ಹ್ವಾದಿಂದ ಅದೂ ಊರೂರು ತಿರುಗಾಕ ಹತ್ತೈತಿ.”

ದಾನಮ್ಮ ಒಮ್ಮೆಲೇ ನಕ್ಕಳು. ಒದ್ದೆ ಕಣ್ಣಿನಲ್ಲೇ, ಮೂಟೆಗೆ ಒರಗಿಕೊಂಡು ನಕ್ಕಳು. ನಾನು ಚೂರು ಚೂರಾಗಿ ನೆಲಕ್ಕೆ ಬೀಳುತ್ತಿದ್ದೆ. ಆ ನಗುವಿನ ಮುಂದೆ ಅದು ದೊಡ್ಡದೆನಿಸಲಿಲ್ಲ.

ಮೂರನೆಯ ರೀಲು ಅರ್ಧಕ್ಕೇ ತುಂಡಾಯಿತು. ಧೋತರ ಬರಿದಾಯಿತು. ಲಾಲಸಾಬ ಕಸಬರಿಗೆ ತಂದು ನನ್ನನ್ನು ಗುಡಿಸಿ ಗೋಣಿಚೀಲಕ್ಕೆ ತುಂಬಿದ. ದಾನಮ್ಮ ಕೇಳಿದಳು:

“ಇದರಾಗ ಅಪ್ಪನ ಮಾತೆಷ್ಟು, ನಿಮ್ಮವೆಷ್ಟು ಕಾಕಾ?”

“ಖರೇ ಹೇಳಬೇಕಂದ್ರ ನನಗೂ ಗೊತ್ತಿಲ್ಲ ಯವ್ವಾ. ಅರವತ್ತು ವರ್ಷ ಬಾಯಾಗ ಇಟ್ಕೊಂಡು ಕುಂತೀನಿ. ಕಲಸಿ ಹೋಗ್ಯಾವು.”

ಆಕೆ ಫೋನು ತೆಗೆದು, ದನಿ ಬರೆದುಕೊಳ್ಳುವ ಗುಂಡಿ ಒತ್ತಿ, ಉಳ್ಳಾಗಡ್ಡಿ ಮೂಟೆಯ ಮೇಲೆ ಇಟ್ಟಳು.

“ಇರಲಿ. ಮೊದ್ಲಿಂದ ಹೇಳ್ರಿ.”

“ರೀಲ್ ಮುಗೀತಲ್ಲ ತಂಗಿ.”

“ರೀಲ್ ತಗೊಂಡು ಏನ್ ಮಾಡೂದೈತಿ? ಉಳಿದ ಹನ್ನೊಂದು ಡಬ್ಬಿ ಕಥಿ ನಾ ಕೇಳೇ ಇಲ್ಲ. ಹೇಳ್ರಿ.”

ಲಾಲಸಾಬ ಗಂಟಲು ಸರಿಮಾಡಿಕೊಂಡು ತಾತನ ಉಯಿಲಿನಿಂದ ಶುರು ಮಾಡಿದ. ನಾನು ಚೀಲದಲ್ಲಿದ್ದೆ, ಸಿನಿಮಾ ಹೊರಗೆ ನಡೆದಿತ್ತು. ಅವನು ಒಂದೆರಡು ಕಡೆ ತಪ್ಪು ಹೇಳಿದ. ಇನ್ನೆರಡು ಕಡೆ ನನ್ನಲ್ಲಿ ಇಲ್ಲದ್ದನ್ನೂ ಸೇರಿಸಿದ, ಆಕೆ ಅದಕ್ಕೂ ನಕ್ಕಳು. ಇನ್ನು ನಾನು ಯಾರಿಗೂ ಬೇಕಿರಲಿಲ್ಲ. ಬೇಸರವಾಯಿತೇ ಎಂದರೆ ಸ್ವಲ್ಪ ಆಯಿತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಬಹಳ ದಣಿದಿದ್ದೆ. ಇನ್ನು ಮಲಗಬಹುದು ಎನಿಸಿತು.