ಹಿಡಿ ಇಲ್ಲದ ಕಪ್ಪು ಮತ್ತು ನಾನು

ನಾನು ಒಂದು ಸ್ಟೀಲ್ ಲೋಟ. ಮೊದಲು ಬರೀ ತಗಡಾಗಿದ್ದೆ. ಯಂತ್ರ ಒತ್ತಿ ಹೊಟ್ಟೆ ಕೊಟ್ಟಿತು. ನನಗಿರುವುದೆಲ್ಲ ಹೊಟ್ಟೆಯೇ, ಹಾಗಾಗಿ ಕಿಚ್ಚೂ ಸ್ವಲ್ಪ ಜಾಸ್ತಿ.

ಅರಸೀಕೆರೆಯ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊಂಡ ಸರ್ವಮಂಗಳಮ್ಮನ ಸೋದರಮಾವ ನನ್ನ ಮೈಮೇಲೆ ಚುಕ್ಕಿ ಚುಕ್ಕಿಯಾಗಿ 'ಸೌ. ಸರ್ವಮಂಗಳಾ' ಎಂದು ಹೆಸರು ಕೊರೆಸಿದರು. ಸೋದರಸೊಸೆಯ ಮದುವೆಗೆ ಮುಯ್ಯಿಯಾಗಿ ಹೋದೆ. ಅಂದಿನಿಂದ ಸರ್ವಮಂಗಳಮ್ಮ ಕಾಫಿ ಕುಡಿದದ್ದು ನನ್ನಲ್ಲೇ. ಅವರ ಗಂಡ ಶಿವನಂಜಪ್ಪನವರಿಗೆ ಮಾತ್ರ ಪಿಂಗಾಣಿ ಕಪ್ಪೇ ಆಗಬೇಕು. ಬಿಳೀ ಮೈ, ನೀಲಿ ಹೂವು, ಅದಕ್ಕೇನು ಬಿಂಕ ಅಂತೀರಿ! ಒಂದು ದಿನ ನಲ್ಲಿಗೆ ತಗುಲಿ ಅದರ ಹಿಡಿ ಮುರಿಯಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಯಜಮಾನರು ಅದನ್ನು ಎಸೆಯಲು ಬಿಡದೆ, ಎರಡೂ ಕೈಯಲ್ಲಿ ಹಿಡಿದು ಕುಡಿಯತೊಡಗಿದರು.

ಅವರು ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಬಿಟ್ಟು ಆ ಕಪ್ಪಿನಲ್ಲೇ ಕುಡಿಯಲು ಶುರುಮಾಡಿದರು. ನನ್ನನ್ನು ಅಳತೆಗೆಂದು ಅಕ್ಕಿ ಡಬ್ಬಕ್ಕೆ ಹಾಕಿದರು. ಅವರ ಹೆಸರು ಹೊತ್ತವನು ನಾನು, ತುಟಿ ಸಿಕ್ಕುವುದು ಅದಕ್ಕೆ. ಉರಿಯದೆ ಇರುತ್ತದೆಯೇ?

ಅದೂ ಸಾಲದೆಂದು ಒಂದು ಕವಿತೆ ಬರೆದರು.

ಹಿಡಿ ಇಲ್ಲದ ಕಪ್ಪು
ಎರಡೂ ಕೈಯಲ್ಲಿ ಹಿಡಿದೆ.
ಸುಟ್ಟಿತು.
ಕೆಳಗಿಡಲಿಲ್ಲ.

ಅಷ್ಟೇ. ಪ್ರಾಸವಿಲ್ಲ, ರಾಗವಿಲ್ಲ. ಅದು ಪತ್ರಿಕೆಯಲ್ಲಿ ಬಂತು, ಆಮೇಲೆ ಕಾಲೇಜಿನ ಪಾಠಕ್ಕೂ ಸೇರಿತು. ಅಕ್ಕಿ ಡಬ್ಬದಲ್ಲಿ ಕೂತವನ ಸಂಕಟ ಯಾರಿಗೆ ಬೇಕು.

ಮೊನ್ನೆ ಆ ಪದ್ಯ ಪಾಠ ಮಾಡುವ ತಿಪ್ಪೇಸ್ವಾಮಿ ಮೇಷ್ಟ್ರು ಮನೆಗೆ ಬಂದರು. ಅಮ್ಮ ಅಕ್ಕಿ ಅಳೆಯುತ್ತಿದ್ದರು. ಒಂದು ಲೋಟ ಪಾತ್ರೆಗೆ ಸುರಿದು, ನನ್ನನ್ನು ಅಡುಗೆಕಟ್ಟೆಯ ಮೇಲಿಟ್ಟು ಹೋದರು.

"ಮೇಡಂ, ನಿಮ್ಮ 'ಕಪ್ಪು' ಒಂದಕ್ಕೇ ಮೂರು ಕ್ಲಾಸ್ ತಗೊಂಡೆ. ಕಪ್ಪು ಅಂದ್ರೆ ಕತ್ತಲೆ, ಸಾವು. ಹಿಡಿ ಇಲ್ಲ ಅಂದ್ರೆ ನಮ್ಮ ಹಿಡಿತಕ್ಕೆ ಸಿಗಲ್ಲ. ಎಂಥಾ ಪ್ರತಿಮೆ! ದನಿ ನೋಡಿ, ಒಂದು ಹನಿ ಕಣ್ಣೀರಿಲ್ಲ."

ಕಾಫಿ ಕಪ್ಪಿಗೂ ಕರೀ ಬಣ್ಣಕ್ಕೂ ಒಂದೇ ಪದವಾದದ್ದು ಎಷ್ಟು ಒಳ್ಳೆಯದಾಯಿತು! ತನ್ನ ಪದ್ಯದಲ್ಲೇ ಆ ಪಿಂಗಾಣಿಗೆ ಜಾಗವಿಲ್ಲ. ನಾನು ಒಳಗೊಳಗೇ ಕುಣಿದೆ.

"ಅದು ಅಲ್ಲೇ ಇದೆ ನೋಡಿ ಸರ್," ಅಮ್ಮ ಷೆಲ್ಫಿನಲ್ಲಿದ್ದ ಕಪ್ಪಿನ ಕಡೆ ಕೈ ತೋರಿಸಿದರು.

ಮೇಷ್ಟ್ರು ಅದನ್ನು ದಾಟಿ ಹಿಂದಿನ ಮೂಲೆಯ ಕತ್ತಲೆಯನ್ನೇ ದಿಟ್ಟಿಸಿದರು. "ನಿಜ ಮೇಡಂ. ಎಲ್ಲಾ ಕಡೆ ಇದೆ."

ಅಮ್ಮನಿಗೆ ನಗು ಬಂತು, ತಿದ್ದಲಿಲ್ಲ. "ನೀವು ಹೇಳಿದ್ದೂ ಸರಿ ಸರ್. ನಮ್ಮ ಯಜಮಾನ್ರು ಹೋದ ಮೇಲೆ ಬರೆದಿದ್ದು ಅದು," ಎಂದರು.

ನನ್ನ ಕುಣಿತ ನಿಂತಿತು. ಎರಡು ಅರ್ಥದಲ್ಲೂ ಆ ಕಪ್ಪೇ ಗೆದ್ದಿತ್ತು.

ಮೇಷ್ಟ್ರನ್ನು ಕಳಿಸಿ ಅಮ್ಮ ಒಳಗೆ ಬಂದರು. ನನ್ನ ತುಂಬ ಅಕ್ಕಿ ತೆಗೆದು ಪಾತ್ರೆಗೆ ಸುರಿದರು. ಸುರಿದ ಮೇಲೆ ನೋಡಿದರು. ಅದು ಎರಡನೇ ಲೋಟ, ಇಬ್ಬರಿಗಾಗುವ ಅನ್ನ. ಒಂದು ಲೋಟ ವಾಪಸ್ ತೆಗೆದು ಡಬ್ಬಕ್ಕೆ ಹಾಕಿದರು. ಇದು ಮೊದಲ ಸಲವೇನಲ್ಲ.

ನನಗೂ ವಯಸ್ಸಾಯಿತು. ಹೆಸರಿನ ಚುಕ್ಕಿಗಳು ಸವೆದು 'ಮಂಗಳಾ' ಎಂದಷ್ಟೇ ಉಳಿದಿದೆ. ಮುಚ್ಚಳ ಹಾಕಿದರೆ ಡಬ್ಬದೊಳಗೆ ಕಪ್ಪೋ ಕಪ್ಪು. ಆ ಎರಡನೇ ಲೋಟದ ಬಗ್ಗೆ ಅಮ್ಮ ಇನ್ನೂ ಒಂದು ಸಾಲೂ ಬರೆದಿಲ್ಲ. ಬರೆಯುವುದೂ ಬೇಡ. ಆ ಕಪ್ಪಿಗೆ ಗೊತ್ತಿಲ್ಲದ ಒಂದು ಸಂಗತಿ ನಮ್ಮಿಬ್ಬರ ನಡುವೆ ಇರಲಿ.